ಎಂಟಲ್ಲ, ಅರವತ್ತನಾಲ್ಕು

“ಎಂಟೇ ಮೊತ್ತ ಇವೆಯಲ್ಲ ಸಾರ್ ಇದರಲ್ಲಿ. ಮಿಕ್ಕ ಐವತ್ತಾರು ಎಲ್ಲಿ?”

ಪ್ರಮೀಳಾ ಆ ಉದ್ದನೆಯ ಪ್ರಿಂಟ್ ಹಾಳೆಯನ್ನು ಮೇಜಿನ ಮೇಲೆ ಹರಡಿ, ಪೆನ್ಸಿಲ್ ತುದಿಯಿಂದ ಅಂಕಿಗಳನ್ನು ಇನ್ನೊಂದು ಸಲ ಎಣಿಸಿದಳು. ಎದುರಿಗೆ ಕೂತಿದ್ದ ಜೂನಿಯರ್ ಇಂಜಿನಿಯರ್ ಪ್ರಸಾದ್ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸುವಂಥದ್ದೇನೂ ಅದರ ಮೇಲೆ ಇರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಶಿವಲಿಂಗಯ್ಯ ಗೋಡೆ ಗಡಿಯಾರ ನೋಡಿದ. ಹನ್ನೊಂದು ನಲವತ್ತು. ನಾಲ್ಕು ಗಂಟೆಯೊಳಗೆ, ಊರ ಕಾಲುವೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಬೋರಯ್ಯನನ್ನು ಶ್ರೀರಂಗಪಟ್ಟಣದ ಕೋರ್ಟಿಗೆ ಹಾಜರು ಮಾಡಬೇಕು. ಕೊಲೆ ಆರೋಪ. ಅವನನ್ನು ಒಳಗೆ ಹಾಕಿಸಿದ್ದು ಇದೇ ಹಾಳೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಒಣಗಿ ಬಿದ್ದಿದ್ದ ಮೂರನೆಯ ಕಾಲುವೆಗೆ ಏಕಾಏಕಿ ನೀರು ನುಗ್ಗಿ, ಮೋರಿಯೊಳಗೆ ತೆವಳಿ ಹೋಗಿದ್ದ ರೈತರ ಸಂಘದ ಅಧ್ಯಕ್ಷ ಚೌಡಯ್ಯ ಅಲ್ಲೇ ಮುಳುಗಿ ಸತ್ತಿದ್ದ. ನೀರು ಬಿಟ್ಟವರು ಯಾರು ಅನ್ನುವುದಕ್ಕೆ ಹಾಳೆ ಕೊಟ್ಟ ಲೆಕ್ಕ ಬಹಳ ಸಲೀಸಾಗಿತ್ತು. ಮೂರನೆಯ ತೂಬಿನಿಂದ ಮೂರನೆಯ ಕಾಲುವೆಯ ಮೋರಿಗೆ ಎಂಬತ್ತೈದು ನಿಮಿಷ. ಹತ್ತಕ್ಕೆ ನೀರು ಬಂದಿದೆ ಅಂದರೆ ಎಂಟು ಮೂವತ್ತೈದಕ್ಕೆ ತೂಬು ಎತ್ತಿರಬೇಕು. ಸರಿಯಾಗಿ ಎಂಟು ಮೂವತ್ತೈದಕ್ಕೆ ಬೋರಯ್ಯ ಆ ತೂಬಿನ ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದನ್ನು ಕೆ.ಆರ್.ಪೇಟೆ ಬಸ್ಸಿನ ಕಂಡಕ್ಟರು ಕಂಡಿದ್ದ. ಹೋದ ವಾರವಷ್ಟೇ ಸರದಿ ನೀರಿನ ವಿಷಯಕ್ಕೆ ಬೋರಯ್ಯನಿಗೂ ಚೌಡಯ್ಯನಿಗೂ ಊರ ಮುಂದೆ ಕಿತ್ತಾಟವಾಗಿತ್ತು. ಇನ್ನೇನು ಬೇಕು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಶಿವಲಿಂಗಯ್ಯ ಕಟ್ಟಿಬಿಟ್ಟಿದ್ದ.

ಕಟ್ಟಿದ ಮೇಲೆ ನೆಮ್ಮದಿ ಕೆಟ್ಟಿತು. ಅದಕ್ಕೆ ಕಾರಣ ಎರಡು ಬಿದಿರು ಕೋಲು.

ನಿನ್ನೆ ಸಂಜೆಯವರೆಗೂ ಬೋರಯ್ಯ ಲಾಕಪ್ಪಿನ ಕಂಬಿ ಹಿಡಿದು “ನಾನಲ್ಲ ಸಾಮಿ, ನನ್ ಮಕ್ಕಳಾಣೆಗೂ ನಾನಲ್ಲ” ಅಂತ ಗೋಗರೆದಿದ್ದ. ಆರು ಗಂಟೆಗೆ ಹೆಂಡತಿ ಚಿಕ್ಕಬೋರಮ್ಮ ಮುದ್ದೆ ಸಾರಿನ ಜೊತೆ, ಅವನೇ ಹೇಳಿ ಕಳಿಸಿದ್ದ ಎರಡು ಬಿದಿರು ಕೋಲು ತಂದುಕೊಟ್ಟಳು. ಮೈತುಂಬ ಕಚ್ಚು ಮಾಡಿದ ಹಳೇ ಕೋಲುಗಳು. ಬೋರಯ್ಯ ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ, ತಿರುವಿ ಹಾಕಿ, ಮತ್ತೆ ಜೋಡಿಸಿ, ಕಾಲು ಗಂಟೆ ಅಳೆದ. ಆಮೇಲೆ ಮುದ್ದೆ ಮುಟ್ಟಲಿಲ್ಲ. “ನಾನೇ ಅಂತ ಬರ್ಕಳಿ ಸಾಮಿ” ಅಂದವನು ಗೋಡೆ ಕಡೆ ತಿರುಗಿ ಕೂತ.

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಶಿವಲಿಂಗಯ್ಯ ಹೊಡೆತಕ್ಕೆ ಒಪ್ಪಿಕೊಂಡವರನ್ನು ನೋಡಿದ್ದ, ಹೆಂಡದ ಆಸೆಗೆ ಒಪ್ಪಿಕೊಂಡವರನ್ನೂ ನೋಡಿದ್ದ. ಕೋಲು ಅಳೆದು ಒಪ್ಪಿಕೊಂಡವನನ್ನು ಮಾತ್ರ ನೋಡಿರಲಿಲ್ಲ. ಬೆಳಿಗ್ಗೆ ಎದ್ದವನೇ ಕೆ.ಆರ್.ಪೇಟೆಗೆ ಫೋನು ಮಾಡಿ ಅಕ್ಕನ ಮಗಳನ್ನು ಕರೆಸಿಕೊಂಡ. ಪ್ರಮೀಳಾ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕಂಪ್ಯೂಟರು ಇಟ್ಟುಕೊಂಡು ಪಾಠ ಹೇಳುತ್ತಿದ್ದಳು. ಬಾಯಿ ಸ್ವಲ್ಪ ಜೋರು. ಮನೆತನದ ಗುಣ.

ಈಗ ಆ ಬಾಯಿ ಕೂಡುಕಟ್ಟೆ ಕ್ಯಾಂಪಿನ ನೀರಾವರಿ ಕಚೇರಿಯಲ್ಲಿ ಕೆಲಸ ಶುರು ಮಾಡಿತ್ತು.

“ಎಂಟೇ ಸಾಕು ಮೇಡಂ,” ಎಂದ ಪ್ರಸಾದ್. “ತೂಬಿನ ಕೋಷ್ಟಕದಲ್ಲಿ ನಾಲ್ಕು ಅಡ್ಡಸಾಲು, ಎರಡು ಕಂಬಸಾಲು. ಕಾಲುವೆ ಕೋಷ್ಟಕದಲ್ಲೂ ನಾಲ್ಕು ಸಾಲು, ಎರಡು ಕಂಬ. ಎರಡನ್ನೂ ಕೂಡಿದರೆ ನಾಲ್ಕೆರಡ್ಲ ಎಂಟು. ಇದರಲ್ಲಿ ಕಂಪ್ಯೂಟರು ತಪ್ಪು ಮಾಡೋಕೆ ಏನಿದೆ?”

“ಕಂಪ್ಯೂಟರು ಏನೂ ತಪ್ಪು ಮಾಡಿಲ್ಲ ಸಾರ್. ನೀವು ಹೇಳಿದ್ದನ್ನೇ ಮಾಡಿದೆ.”

“ನನ್ನಂಥ ದಡ್ಡನಿಗೂ ಒಂಚೂರು ತಿಳಿಯಂಗೆ ಹೇಳವ್ವ,” ಎಂದು ಶಿವಲಿಂಗಯ್ಯ ಕುರ್ಚಿ ಎಳೆದುಕೊಂಡ.

ಪ್ರಮೀಳಾ ಹಾಳೆಯ ಬೆನ್ನಿನ ಮೇಲೆ ಎರಡು ಚೌಕ ಬರೆದಳು. “ನೋಡಿ ಮಾವ. ದೊಡ್ಡ ನಾಲೆಗೆ ನಾಲ್ಕು ತೂಬು. ಯಾವ ತೂಬು ಎತ್ತಿದರೂ ನೀರು ಬಂದು ಸೇರೋದು ಈ ಕೂಡುಕಟ್ಟೆಗೆ. ಎಷ್ಟು ನಿಮಿಷಕ್ಕೆ ಸೇರ್ತದೆ ಅನ್ನೋದು ಮೊದಲನೇ ಕೋಷ್ಟಕ. ತೂಬು ಪೂರ್ತಿ ಎತ್ತಿದರೆ ಒಂದು ಲೆಕ್ಕ, ಅರ್ಧ ಎತ್ತಿದರೆ ಇನ್ನೊಂದು ಲೆಕ್ಕ. ಅದಕ್ಕೇ ಎರಡು ಕಂಬ.”

“ಸರಿ.”

“ಕೂಡುಕಟ್ಟೆಯಿಂದ ಆಚೆಗೆ ನಾಲ್ಕು ಕಾಲುವೆ ಹೊರಡ್ತವೆ. ಅದು ಎರಡನೇ ಕೋಷ್ಟಕ. ಕಾಲುವೆ ಹಸಿಯಾಗಿದ್ದರೆ ನೀರು ಬೇಗ ಓಡ್ತದೆ, ಒಣಗಿದ್ದರೆ ಮಣ್ಣು ಕುಡಿದೂ ಕುಡಿದೂ ತಡವಾಗ್ತದೆ. ಅಲ್ಲೂ ಎರಡು ಕಂಬ. ಈಗ ಪ್ರಸಾದ್ ಸಾರ್ ಬರೆದಿರೋ ಪ್ರೋಗ್ರಾಮು ಈ ಚೌಕದ ಮೊದಲನೇ ಮನೆಗೆ ಆ ಚೌಕದ ಮೊದಲನೇ ಮನೆ, ಎರಡನೇದಕ್ಕೆ ಎರಡನೇದು, ಅಂತ ಕೂಡ್ತಾ ಹೋಗಿದೆ. ಬೀಗರ ಊಟದಲ್ಲಿ ಎದುರೆದುರು ಕೂತವರು ಮಾತ್ರ ಮಾತಾಡಿಕೊಂಡ ಹಾಗೆ. ಗಂಡಿನ ಕಡೆ ಎಂಟು ಜನ, ಹೆಣ್ಣಿನ ಕಡೆ ಎಂಟು ಜನ ಇದ್ದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರನ್ನೂ ಮಾತಾಡಿಸಬೇಕು ತಾನೇ? ಎಂಟೆಂಟ್ಲ ಅರವತ್ತನಾಲ್ಕು.”

“ಮಾತಾಡಿಸದೆ ಇದ್ದರೆ ಕುರ್ಚಿಗಳೇ ಹಾರಾಡ್ತವೆ,” ಎಂದ ಶಿವಲಿಂಗಯ್ಯ. ಅವನ ಮದುವೆಯಲ್ಲಿ ಹಾರಾಡಿದ್ದವು.

“ಈ ಹಾಳೇಲಿ ಪೂರ್ತಿ ಎತ್ತಿದ ತೂಬಿಗೆ ಹಸಿ ಕಾಲುವೆ ಮಾತ್ರ ಜೊತೆಯಾಗಿದೆ,” ಪ್ರಮೀಳಾ ಬಿಡಲಿಲ್ಲ. “ಒಣ ಕಾಲುವೆಗೆ ಅರ್ಧ ಎತ್ತಿದ ತೂಬು ಮಾತ್ರ. ಎಂಬತ್ತೈದು ನಿಮಿಷ ಅನ್ನೋದು ಹಸಿ ಕಾಲುವೆ ಲೆಕ್ಕ. ಮೂರನೇ ಕಾಲುವೆ ಸೋಮವಾರ ಹಸಿಯಾಗಿತ್ತಾ ಸಾರ್?”

ಹನ್ನೆರಡು ದಿನದಿಂದ ಆ ಕಾಲುವೆಗೆ ಹನಿ ನೀರಿರಲಿಲ್ಲ ಅನ್ನುವುದು ದನ ಕಾಯುವವರಿಗೂ ಗೊತ್ತಿದ್ದ ಸಂಗತಿ.

ಒಣ ಕಾಲುವೆಯನ್ನು ಹೋದ ವಾರ ಶಿವಲಿಂಗಯ್ಯನೇ ನೋಡಿದ್ದ, ಹೆಣ ಎತ್ತಿಸಿದ್ದೂ ಅವನೇ. ಹಾಳೆಯ ಮೇಲಿನ ಅಂಕಿ ನೋಡಿದ ಕೂಡಲೇ ಕಣ್ಣಿಂದ ಕಂಡದ್ದು ಮರೆತುಹೋಗಿತ್ತು. ತನ್ನ ಮೇಲೇ ಸಿಟ್ಟು ಬಂತು.

“ನೀವು ಬರೆದಿದ್ದು ಕಾಗದದ ಮೇಲಿನ ಮಾತು ಮೇಡಂ,” ಪ್ರಸಾದನ ದನಿ ಏರಿತು. “ಮೂರನೇ ತೂಬು ಇರೋದು ಮೂರನೇ ಕಾಲುವೆಗೆ. ಒಂದನೇದು ಒಂದನೇದಕ್ಕೆ. ಇಲಾಖೆ ನಕ್ಷೆಯಲ್ಲೇ ಹಾಗಿದೆ. ಒಂದರ ನೀರು ಇನ್ನೊಂದಕ್ಕೆ ಹೋಗಬಾರದು ಅಂತಲೇ ಕೂಡುಕಟ್ಟೆಯಲ್ಲಿ ಹಲಗೆ ಹಾಕಿರ್ತೀವಿ.”

“ಹಲಗೆ ಎತ್ತಿದರೆ ಹೋಗ್ತದಲ್ಲ?”

“ಯಾರು ಎತ್ತುತ್ತಾರೆ? ಸೋಮವಾರ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರವರೆಗೂ ನಾನೇ ಕೂಡುಕಟ್ಟೆ ಮೇಲಿದ್ದೆ. ಒಂದು ಹಲಗೆಯೂ ಅಲ್ಲಾಡಿರಲಿಲ್ಲ. ಕಣ್ಣಾರೆ ನೋಡಿದವನು ಹೇಳ್ತಾ ಇದೀನಿ.”

“ಆಯ್ತು ಸಾರ್, ಕೋಪ ಯಾಕೆ? ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ತಿದ್ದಿ ನೋಡೋಣ,” ಎಂದು ಪ್ರಮೀಳಾ ಕಂಪ್ಯೂಟರಿನ ಮುಂದೆ ಕೂತಳು.

ಪ್ರಸಾದ್ ಕೀಲಿಮಣೆಯ ಮೇಲೆ ಕೈ ಅಡ್ಡ ಇಟ್ಟ. “ಇದು ಸರ್ಕಾರಿ ಕಂಪ್ಯೂಟರು. ಮೇಲಿನವರ ಅನುಮತಿ ಇಲ್ಲದೆ ಹೊರಗಿನವರು ಮುಟ್ಟೋ ಹಾಗಿಲ್ಲ.”

“ಮನುಷ್ಯ ಸತ್ತಿರೋದೂ ಸರ್ಕಾರಿ ನೀರಲ್ಲೇ ಕಣ್ರೀ,” ಎಂದ ಶಿವಲಿಂಗಯ್ಯ. ದನಿ ಎತ್ತರಿಸಲಿಲ್ಲ. “ಕೈ ತೆಗೀರಿ.”

ಪ್ರಸಾದ್ ಕೈ ತೆಗೆದ. ನಾಗಮಂಗಲದ ಒಳ್ಳೆಯ ಮನೆತನದ ಹುಡುಗ, ಮೂವತ್ತು ದಾಟಿರಲಿಲ್ಲ. ಇಡೀ ವಿಭಾಗದಲ್ಲಿ ಕಂಪ್ಯೂಟರು ಕಲಿತವನು ಅವನೊಬ್ಬನೇ ಅಂತ ಮೇಲಧಿಕಾರಿಗಳು ಹೊಗಳುತ್ತಿದ್ದರು. ಇದುವರೆಗೆ ಅವನ ಹಾಳೆಯನ್ನು ತಿರುಗಿಸಿ ನೋಡಿದವರೇ ಇರಲಿಲ್ಲ.

ಹಸಿರು ಅಕ್ಷರಗಳು ಪರದೆಯ ಮೇಲೆ ಮೂಡಿದವು. ಪ್ರಸಾದನ ಪ್ರೋಗ್ರಾಮಿನಲ್ಲಿ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವ ಎರಡು ಸುತ್ತು ಇದ್ದವು, ತೂಬಿಗೊಂದು, ಅದರ ಕಂಬಕ್ಕೊಂದು. ಅವೇ ಎರಡು ಸುತ್ತನ್ನು ಕಾಲುವೆಗೂ ಬಳಸಿಬಿಟ್ಟಿದ್ದ. ಪ್ರಮೀಳಾ ಅವುಗಳೊಳಗೆ ಕಾಲುವೆಗೆಂದೇ ಇನ್ನೆರಡು ಸುತ್ತು ಹೂಡಿದಳು. ಮೊತ್ತ ಇಡುವ ಪೆಟ್ಟಿಗೆಗೆ ಎರಡು ಅಳತೆ ಇದ್ದದ್ದನ್ನು ನಾಲ್ಕು ಮಾಡಿದಳು: ಯಾವ ತೂಬು, ಎಷ್ಟು ಎತ್ತಿದ್ದು, ಯಾವ ಕಾಲುವೆ, ಹಸಿಯೋ ಒಣವೋ. ಕೆಲಸಕ್ಕೆ ಐದು ನಿಮಿಷ ಹಿಡಿಯಲಿಲ್ಲ. ಪ್ರಿಂಟರು ಕಿರ್ರೋ ಎಂದು ಕಿರುಚಿಕೊಂಡು ಅರವತ್ತನಾಲ್ಕು ಅಂಕಿ ಹೊರಹಾಕಿತು.

ಮೂರನೆಯ ಕಾಲುವೆ, ಒಣ ಮಣ್ಣು ಅನ್ನುವ ಜಾಗದಲ್ಲಿ ಎಂಟು ಅಂಕಿ ಇದ್ದವು. ಕೂಡುಕಟ್ಟೆಯಿಂದ ಮೋರಿಗೆ ಒಣ ಕಾಲುವೆಯಲ್ಲಿ ಎಪ್ಪತ್ತೈದು ನಿಮಿಷ. ಅದಕ್ಕೆ ಒಂದೊಂದು ತೂಬಿನ ಹೊತ್ತು ಸೇರಿಸಿ, ಹತ್ತು ಗಂಟೆಯಿಂದ ಕಳೆದು, ಪ್ರಮೀಳಾ ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದಳು.

“ಮೂರನೇ ತೂಬು ಪೂರ್ತಿ ಎತ್ತಿದ್ದರೆ ಎಂಟು ಐದಕ್ಕೆ ಎತ್ತಿರಬೇಕು ಮಾವ. ಅರ್ಧ ಎತ್ತಿದ್ದರೆ ಏಳು ಐವತ್ತಕ್ಕೆ. ಎಂಟು ಮೂವತ್ತೈದು ಇಲ್ಲಿ ಬರೋದೇ ಇಲ್ಲ.”

ಏಳೂವರೆಯಿಂದ ಎಂಟು ಇಪ್ಪತ್ತರವರೆಗೆ ಬೋರಯ್ಯ ಹಾಲಿನ ಡೈರಿಯ ಸಾಲಿನಲ್ಲಿ ನಿಂತಿದ್ದ. ಇಪ್ಪತ್ತು ಜನ ನೋಡಿದ್ದರು. ಎಂಟು ಮೂವತ್ತೈದಕ್ಕೆ ತೂಬಿನ ತಿರುಪಿನ ಮರೆಗೆ ಎಣ್ಣೆ ಬಿಡಲು ಹೋಗಿದ್ದೆ ಅಂತ ಅವನು ಹೇಳಿದ್ದು ನಿಜವೇ ಇರಬೇಕು.

ಶಿವಲಿಂಗಯ್ಯ ಹಾಳೆ ಹರಿದು ಮಡಿಚಿ ಜೇಬಿಗಿಟ್ಟ. ಪ್ರಮೀಳಾಳನ್ನು ಕರೆದುಕೊಂಡು ಜೀಪು ಹತ್ತಿದ.

ಪಾಂಡವಪುರದ ಕಬ್ಬಿನ ಗಾಡಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದ್ದವು. ಜೀಪು ನಿಂತು ನಿಂತು ಹೋಗುತ್ತಿತ್ತು. ಶಿವಲಿಂಗಯ್ಯ ಫೈಲು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹೇಳಿಕೆ ತಿರುವಿದ.

“ಎರಡನೇ ತೂಬು ಬುಡು. ಅದರ ತಿರುಪು ಬಿಚ್ಚಿ ಕಮ್ಮಾರನ ಮನೇಲಿ ಬಿದ್ದು ವಾರ ಆಯ್ತು. ನಾಲ್ಕನೇ ತೂಬಿನ ಚಕ್ರಕ್ಕೆ ಕಡಜ ಗೂಡು ಕಟ್ಟಿದೆ. ನಾನೇ ನೋಡಿದೆ, ಒಂದು ಕಡಿದೂ ಕಡೀತು. ಅದನ್ನ ತಿರುಗಿಸಿದವನು ಇಷ್ಟೊತ್ತಿಗೆ ಆಸ್ಪತ್ರೇಲಿ ಇರಬೇಕಿತ್ತು.”

“ಹಾಗಾದ್ರೆ ಉಳಿದಿದ್ದು ಒಂದನೇ ತೂಬು. ಪೂರ್ತಿ ಎತ್ತಿದ್ದರೆ ಎಂಟು ಇಪ್ಪತ್ತೈದಕ್ಕೆ, ಅರ್ಧ ಎತ್ತಿದ್ದರೆ ಎಂಟೂಕಾಲಿಗೆ,” ಎಂದಳು ಪಕ್ಕದಲ್ಲಿದ್ದ ಪ್ರಮೀಳಾ.

ಶಿವಲಿಂಗಯ್ಯನ ಬೆರಳು ಒಂದು ಹಾಳೆಯ ಮೇಲೆ ನಿಂತಿತು. ತೊಣ್ಣೂರು ಕಡೆಯಿಂದ ಬರುವ ಹಾಲಿನ ವ್ಯಾನಿನ ಡ್ರೈವರ್ ಚಿಕ್ಕಸ್ವಾಮಿಯ ಹೇಳಿಕೆ. ‘ಎಂಟೂಕಾಲಿಗೆ ಒಂದನೇ ತೂಬಿನ ಹತ್ತಿರ ಒಬ್ಬ ಹುಡುಗ ಚಕ್ರ ತಿರುಗಿಸುತ್ತಿದ್ದ. ನೀಲಿ ಅಂಗಿ. ಸೈಕಲ್ಲಿಗೆ ಗೊಬ್ಬರದ ಚೀಲ ಕಟ್ಟಿತ್ತು.’ ಅಲ್ಲಿಂದ ಐದು ನಿಮಿಷದ ದಾರಿಯ ಡೈರಿಯಲ್ಲಿ ವ್ಯಾನು ಎಂಟು ಇಪ್ಪತ್ತಕ್ಕೆ ನಿಂತಿತ್ತು. ಹೊತ್ತಿನಲ್ಲಿ ಅನುಮಾನವಿರಲಿಲ್ಲ. ಒಂದನೆಯ ತೂಬಿಗೂ ಮೂರನೆಯ ಕಾಲುವೆಗೂ ಸಂಬಂಧವೇ ಇಲ್ಲ ಅಂತ ಹಾಳೆ ಹೇಳಿದ್ದರಿಂದ ಶಿವಲಿಂಗಯ್ಯ ಅದನ್ನು ಫೈಲಿನ ತಳಕ್ಕೆ ಸೇರಿಸಿದ್ದ.

ಅದರ ಕೆಳಗೇ ಮೋರಿ ಪಕ್ಕದ ಶಾಲೆಯ ಹೆಡ್ ಮೇಡಂ ಜಯಲಕ್ಷ್ಮಮ್ಮನ ಹೇಳಿಕೆ ಇತ್ತು. ಹತ್ತು ಗಂಟೆಗೆ ಪ್ರಾರ್ಥನೆಯ ಗಂಟೆ ಬಾರಿಸಿದಾಗಲೇ ನೀರು ಬಂದದ್ದು. ಅದಕ್ಕೂ ಮೊದಲು ಮಕ್ಕಳು ಕಾಲುವೆಯೊಳಗೇ ಕುಂಟೆಬಿಲ್ಲೆ ಆಡುತ್ತಿದ್ದರು. ‘ಒಣ ಕಾಲುವೆಗೆ ಬರುವ ನೀರು ತೆವಳಿಕೊಂಡು ಬರುತ್ತೆ, ಅವತ್ತು ಗೋಡೆ ಬಿದ್ದ ಹಾಗೆ ಬಂತು’ ಎಂದು ಆಕೆ ಬರೆಸಿದ್ದರು. ಇನ್ನೊಂದು ಮಾತೂ ಇತ್ತು. ಭಾನುವಾರದ ಸಭೆಯಲ್ಲಿ ಚೌಡಯ್ಯ ಎಲ್ಲರೆದುರು ಎದೆ ತಟ್ಟಿ ಹೇಳಿದ್ದನಂತೆ: “ನಾಳೆ ಇಸ್ಕೂಲ್ ಗಂಟೆ ಹೊಡಿಯೋ ವೊತ್ಗೆ ಹೊಸ ಮೋರಿ ಒಳೀಕ್ ಇಳಿದು ನೋಡ್ತೀನಿ ಕಣ್ರಲಾ, ಒಳಗೆ ಸಿಮೆಂಟ್ ಅದೋ ಬರೀ ಮಣ್ಣದೋ.”

ಶಿವಲಿಂಗಯ್ಯ ಎರಡನ್ನೂ ಓದಿ ಫೈಲು ಮುಚ್ಚಿದ. ತಲೆಯಲ್ಲಿ ಆಗ ಇದ್ದದ್ದು ನೀಲಿ ಅಂಗಿ ಒಂದೇ.

ಠಾಣೆಯ ಮುಂದಿನ ಹೊಂಗೆ ಮರದ ಕೆಳಗೆ ಚಿಕ್ಕಬೋರಮ್ಮ ಕೂತಿದ್ದಳು. ಜೀಪು ಕಂಡು ಎದ್ದು ನಿಂತಳು. ಮಗ ಮಂಜುನಾಥ ಗೊಬ್ಬರ ತರಲು ಸೋಮವಾರವೇ ಮೈಸೂರಿಗೆ ಹೋದ ಅಂತ ನಿನ್ನೆ ಹೇಳಿದ್ದಳು. ಗೊಬ್ಬರದ ಚೀಲ ಕಟ್ಟಿದ ಸೈಕಲ್ಲಿನಲ್ಲಿ ಮೈಸೂರಿಗೆ ಗೊಬ್ಬರಕ್ಕೆ ಹೋಗುವವರನ್ನು ಶಿವಲಿಂಗಯ್ಯ ಕಂಡಿರಲಿಲ್ಲ.

ಒಳಗೆ ಬೋರಯ್ಯ ಹಾಗೇ ಗೋಡೆಗೆ ಒರಗಿ ಕೂತಿದ್ದ. ಎರಡು ಕೋಲುಗಳೂ ಪಕ್ಕದಲ್ಲಿದ್ದವು. ಶಿವಲಿಂಗಯ್ಯ ಬೀಗ ತೆಗೆಸಿ, ಒಳಗೇ ಹೋಗಿ ನೆಲದ ಮೇಲೆ ಕೂತ.

“ಬೋರಣ್ಣ, ಈ ಕೋಲು ಏನು ಹೇಳ್ತವೆ?”

“ನಮ್ ತಾತನ್ ಕಾಲದವು ಸಾಮಿ. ನೀರಿನ ಕೋಲು.”

“ಓದೋದು ಹೆಂಗೆ?”

ಬೋರಯ್ಯ ತೋರಿಸಲೋ ಬೇಡವೋ ಅಂತ ನೋಡಿದ. ಕಡೆಗೆ ಕಸುಬಿನ ಹೆಮ್ಮೆ ಗೆದ್ದಿತು. “ಇದು ತೂಬಿನ್ ಕೋಲು. ಒಂದು ಬೆರಳು ಅಂದ್ರೆ ಐದು ನಿಮಿಷ. ನಾಕು ತೂಬ್ಗೆ ನಾಕು ಕಚ್ಚು. ಈ ಮಖ ಪೂರ್ತಿ ಎತ್ತಿದ್ದು, ಆ ಮಖ ಅರ್ಧ ಎತ್ತಿದ್ದು. ಅದು ಕಾಲ್ವೆ ಕೋಲು. ಒಂದು ಮಖ ಹಸಿ, ಒಂದು ಮಖ ಒಣ. ಯಾವ್ ತೂಬಿನ್ ಕಚ್ಗೆ ಬೇಕೋ ಅದ್ಕೆ ಈ ಕೋಲಿನ ಬುಡ ಇಟ್ರೆ, ಯಾವ್ ಕಾಲ್ವೆಗೆ ಎಷ್ಟೊತ್ತು ಅಂತ ತಾನೇ ಬತ್ತದೆ.”

ಪ್ರಮೀಳಾ ಕಂಬಿಯಾಚೆಯಿಂದ ಬಗ್ಗಿ ನೋಡಿದಳು. ಜೇಬಿನ ಹಾಳೆಯಲ್ಲಿದ್ದ ಅರವತ್ತನಾಲ್ಕೂ ಆ ಎರಡು ಕೋಲಿನಲ್ಲಿ ಇದ್ದವು. “ಅಯ್ಯೋ ಮಾವ, ಇವರನ್ನ ಕೇಳಿದ್ದರೆ ಸಾಕಾಗಿತ್ತಲ್ಲ!”

“ಅವರು ನಿನ್ನೇನೇ ಲೆಕ್ಕ ಮಾಡವ್ರೆ ಕಣವ್ವ,” ಎಂದ ಶಿವಲಿಂಗಯ್ಯ. “ಮಾಡಿ, ಒಂದನೇ ತೂಬಿಗೆ ಬಂದು ನಿಂತವ್ರೆ. ಅದೇ ಸೋಮವಾರದಿಂದ ಮಗನೂ ಊರಲ್ಲಿಲ್ಲ. ಅದಕ್ಕೇ ಮುದ್ದೆ ಬಿಟ್ರು.” ಅವನು ಬೋರಯ್ಯನ ಮುಖವನ್ನೇ ನೋಡುತ್ತ ಚಿಕ್ಕಸ್ವಾಮಿಯ ಹೇಳಿಕೆ ಓದಿದ. ನೀಲಿ ಅಂಗಿ ಅನ್ನುವಲ್ಲಿಗೆ ಬೋರಯ್ಯ ಕಣ್ಣು ಮುಚ್ಚಿಕೊಂಡ.

“ಯಾರೋ ದಾರೀಲ್ ವೋಗೋರು ಇರ್ಬೇಕು ಸಾಮಿ. ನಾನೇ ಅಂತ ಬರ್ಕಂಡಾಯ್ತಲ್ಲ, ಇನ್ಯಾಕೆ ಕೆದುಕ್ತೀರಿ? ನಂಗೆ ವಯಸ್ಸಾಯ್ತು. ಒಳಗಿದ್ರೇನು, ವೊರಗಿದ್ರೇನು.”

“ಅಪ್ಪಾ...”

ಬಾಗಿಲಲ್ಲಿ ಚಿಕ್ಕಬೋರಮ್ಮ ಮಗನ ರಟ್ಟೆ ಹಿಡಿದು ನಿಂತಿದ್ದಳು. ಹೊಸಹೊಳಲಿನ ತಮ್ಮನ ಮನೆಯಲ್ಲಿ ಬಚ್ಚಿಟ್ಟಿದ್ದವನಿಗೆ ಬೆಳಿಗ್ಗೆ ತಾನೇ ಹೇಳಿ ಕಳಿಸಿ, ಮಧ್ಯಾಹ್ನದ ಬಸ್ಸಿಗೆ ಕಾದು ಕೂತಿದ್ದಳು.

“ಯಾಕ್ಲಾ ಬಂದ್ಬುಟ್ಟೆ ಮುಂಡೇದೆ!” ಬೋರಯ್ಯ ಕೂಗಿಕೊಂಡ. ನಂತರ ಹೆಂಡತಿಗೆ: “ನೀನಾರ ಸುಮ್ಕಿರಕ್ಕೆ ಆಗ್ಲಿಲ್ವಾ?”

“ಗಂಡುನ್ನ ಕಳ್ಕಂಡು ಮಗುನ್ನ ಉಳಿಸ್ಕ ಅಂತೀಯಾ? ನನ್ ಕೈಲಾಗಲ್ಲ ಬುಡು. ಆಗಿದ್ದಾಗ್ಲಿ, ನಿಜ ಹೇಳ್ಬುಡ್ಲಿ,” ಎಂದಳು ಚಿಕ್ಕಬೋರಮ್ಮ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮಂಜುನಾಥ ನಿಂತಲ್ಲೇ ಹೇಳಿದ. ಒಂದನೆಯ ಕಾಲುವೆಯ ಪಕ್ಕದಲ್ಲಿ ಅವನ ಭತ್ತದ ಸಸಿಯ ಒಟ್ಲು ಒಣಗುತ್ತಿತ್ತು. ಸರದಿಗೆ ಇನ್ನೂ ಐದು ದಿನ ಇತ್ತು. ಅಪ್ಪನಿಗೆ ಹೇಳಿದರೆ ಒದೆ ಬೀಳುತ್ತದೆ, ಊರಿಗೆಲ್ಲ ನ್ಯಾಯ ಹೇಳುವ ನೀರುಗಂಟಿಯ ಮಗನೇ ನೀರು ಕದ್ದ ಅಂತಾರೆ. ಕದ್ದು ಒಂದನೆಯ ತೂಬು ಎತ್ತಿದ. ಎಂಟೂಕಾಲಿಗೆ. ಹಾಲಿನ ವ್ಯಾನು ಹೋದದ್ದು ಅವನಿಗೂ ನೆನಪಿತ್ತು.

“ಅತ್ಗಂಟೆ ಆದ್ಮೇಲೆ ಚೌಡಣ್ಣ ಸತ್ತೋದ ಅಂತ ಕೂಗಾಡಿದ್ರು ಸಾಮಿ. ನನ್ ನೀರೇ ಅತ್ಲಾಗೆ ನುಗ್ಗಿರ್ಬೇಕು ಅಂತ ಎದೆ ಒಡೆದೋಯ್ತು. ವೋಗಿ ತೂಬು ಇಳಿಸ್ಬುಟ್ಟು ಓಡೋದೆ.”

“ಎಂಟೂಕಾಲಿಗೆ ಅರ್ಧ ಎತ್ತಿದೆ. ಲೆಕ್ಕ ಸರಿಹೋಯ್ತು,” ಎಂದ ಶಿವಲಿಂಗಯ್ಯ. ಹೇಳುವಾಗ ಅವನಿಗೇನೂ ಸಂತೋಷವಾಗಲಿಲ್ಲ. ತಂದೆಯನ್ನು ಬಿಟ್ಟು ಮಗನನ್ನು ಕಟ್ಟುವ ಲೆಕ್ಕ ಅದು.

“ಅರ್ಧ ಅಲ್ಲ ಸಾಮಿ. ಪೂರ್ತಿ ಎತ್ದೆ.”

ಪ್ರಮೀಳಾ ತಲೆಯೆತ್ತಿದಳು. “ಸರಿಯಾಗಿ ಜ್ಞಾಪಿಸಿಕೊಳಪ್ಪ. ಪೂರ್ತಿ ಎತ್ತಿದ್ದರೆ ತೊಂಬತ್ತೈದು ನಿಮಿಷ. ಒಂಬತ್ತು ಐವತ್ತಕ್ಕೇ ನೀರು ಮೋರಿಗೆ ಬರಬೇಕಿತ್ತು. ಬಂದದ್ದು ಹತ್ತಕ್ಕೆ.”

“ಪೂರ್ತೀನೇ ಕಣಕ್ಕ. ಅದು ಅರ್ಧಕ್ಕೆ ನಿಲ್ಲಲ್ಲ.”

“ದಿಟ ಕಣವ್ವ,” ಬೋರಯ್ಯ ತಟ್ಟನೆ ಎದ್ದು ಕೂತ. “ಒಂದ್ನೇ ತೂಬಿನ್ ತಿರುಪಿನ್ ಮರೆ ಸವೆದೋಗಿ ಎಲ್ಡು ವರ್ಷ ಆಯ್ತು. ಎತ್ತಿದ್ರೆ ಮ್ಯಾಲಕ್ಕೆ ಪೂರ್ತಿ ಎತ್ತಿ ಕಡಾಣಿ ಹಾಕ್ಬೇಕು, ಇಲ್ದಿದ್ರೆ ಜಾರಿ ಕೂತ್ಕಬುಡ್ತದೆ. ಯಾವ್ ನೀರುಗಂಟಿನಾದ್ರೂ ಕೇಳಿ.”

ಅವನೇ ಕೋಲು ಎತ್ತಿಕೊಂಡ. ಒಂದನೆಯ ತೂಬು, ಪೂರ್ತಿಯ ಮುಖ. ಅದಕ್ಕೆ ಕಾಲುವೆ ಕೋಲಿನ ಬುಡ ಇಟ್ಟು ಒಣ ಮುಖಕ್ಕೆ ತಿರುವಿದ. ಮೂರನೆಯ ಕಚ್ಚಿನ ಮೇಲೆ ಹೆಬ್ಬೆರಳು ಒತ್ತಿ, ಎಂಟೂಕಾಲಿನಿಂದ ಹತ್ತರವರೆಗೆ ಬೆರಳಲ್ಲಿ ಅಳೆದ. ಮತ್ತೊಮ್ಮೆ ಅಳೆದ. ನಿನ್ನೆ ಮಗ ಎಷ್ಟೊತ್ತಿಗೆ ಎತ್ತಿದ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿತ್ತು.

“ಎಲ್ಡು ಬೆರಳು ಮಿಗ್ತದೆ ಸಾಮಿ,” ಎಂದ. “ಅತ್ತು ನಿಮಿಷ. ನನ್ ಮಗ ಬುಟ್ ನೀರು ಅತ್ತು ನಿಮಿಷ ಎಲ್ಲೋ ಕೂತಿತ್ತು.”

“ನೀರು ಎಲ್ಲಿ ಕೂರ್ತದೆ?”

“ಕೂಡುಕಟ್ಟೇಲಿ. ಹಲಗೆ ಹಾಕಿ ತಡುದ್ರೆ.”

ಶಿವಲಿಂಗಯ್ಯ ಮಂಜುನಾಥನ ಕಡೆ ತಿರುಗಿದ. “ನಿನ್ ಒಟ್ಲಿಗೆ ನೀರು ಬಂತೇನಪ್ಪ ಅವತ್ತು?”

“ಒಂದ್ ಹನೀನೂ ಬರ್ಲಿಲ್ಲ. ಒಂಬತ್ತು ಇಪ್ಪತ್ಗೆ ಬರ್ಬೇಕಿತ್ತು. ಅತ್ತರ ಗಂಟ ಗುದ್ದಲಿ ಇಡ್ಕಂಡು ಕಾದೆ.”

ಅಂದರೆ ಒಂದನೆಯ ಕಾಲುವೆಗೆ ಹೋಗಬೇಕಿದ್ದ ನೀರಿಗೆ ಯಾರೋ ಹಲಗೆ ಅಡ್ಡ ಹಾಕಿದರು. ಎಂಟು ಮೂವತ್ತೈದಕ್ಕೆ ತಾನಾಗಿ ಕಟ್ಟೆಗೆ ಬಂದ ನೀರನ್ನು ಹತ್ತು ನಿಮಿಷ ತುಂಬಲು ಬಿಟ್ಟು, ಎಂಟು ನಲವತ್ತೈದಕ್ಕೆ ಮೂರನೆಯ ಹಲಗೆ ಎತ್ತಿದರು. ಅದಕ್ಕೇ ನೀರು ಗೋಡೆ ಬಿದ್ದ ಹಾಗೆ ಬಂದದ್ದು. ಅಲ್ಲಿಂದ ಎಪ್ಪತ್ತೈದು ನಿಮಿಷಕ್ಕೆ ಶಾಲೆಯ ಗಂಟೆ. ಚೌಡಯ್ಯ ಮೋರಿಯೊಳಗೆ ಇರುತ್ತೇನೆ ಅಂತ ಊರಿಗೆಲ್ಲ ಸಾರಿದ್ದ ಹೊತ್ತು. ಒಣ ಕಾಲುವೆಯ ಎಪ್ಪತ್ತೈದು ಬಾಯಿಪಾಠ ಇದ್ದವನು, ಕೈಯಲ್ಲಿ ಗಡಿಯಾರ ಹಿಡಿದು ನಿಂತು ಮಾಡಿದ ಕೆಲಸ.

ಪ್ರಸಾದ್ ಕೊಟ್ಟ ಎಂಬತ್ತೈದು ನಿಮಿಷದ ಲೆಕ್ಕದಲ್ಲಿ ಆ ಎಪ್ಪತ್ತೈದು ಸೇರಿರಲೇ ಇಲ್ಲ. ಅದು ಮರೆವೋ, ಬೇಕೆಂದೇ ಮಾಡಿದ್ದೋ?

“ಮಾವ,” ಪ್ರಮೀಳಾಳ ದನಿ ಸಣ್ಣಗಾಗಿತ್ತು. “ಎಂಟೂವರೆಯಿಂದ ಒಂಬತ್ತರವರೆಗೆ ಕೂಡುಕಟ್ಟೆ ಮೇಲೆ ನಾನೇ ಇದ್ದೆ ಅಂತ ಬೆಳಿಗ್ಗೆ...”

“ಕೇಳಿಸ್ಕಂಡಿದೀನಿ. ಆ ಹೊಸ ಮೋರಿ ಕಟ್ಟಿಸಿದ ಉಸ್ತುವಾರಿಯೂ ಅವನದೇ.”

ಗಂಟೆ ಎರಡು ಐವತ್ತು. ಶಿವಲಿಂಗಯ್ಯ ಫೋನೆತ್ತಿ ಕ್ಯಾಂಪಿನ ನಂಬರು ತಿರುಗಿಸಿದ. ಆ ಕಡೆ ಪ್ರಸಾದನೇ ಎತ್ತಿಕೊಂಡ.

“ಒಂದು ಸಣ್ಣ ವಿಷಯ ಕಣ್ರೀ. ಸೋಮವಾರ ಬೆಳಿಗ್ಗೆ ನೀವು ಕೂಡುಕಟ್ಟೆಗೆ ಹೋದಾಗ ಒಂದನೇ ಕಾಲುವೆ ಹಲಗೆ ಹಾಕಿತ್ತಾ, ಎತ್ತಿತ್ತಾ?”

“ಸೋಮವಾರವೇ?” ಪ್ರಸಾದನ ದನಿ ತಣ್ಣಗಿತ್ತು, ವಿನಯವಾಗಿತ್ತು. “ಸೋಮವಾರ ನಾನು ಕೂಡುಕಟ್ಟೆಗೆ ಹೋಗಿಲ್ಲವಲ್ಲ ಸಾರ್. ನಾಗಮಂಗಲದಲ್ಲಿದ್ದೆ, ರಜೆ ಮೇಲೆ. ರಜೆ ಅರ್ಜಿ ಮೇಜಿನ ಮೇಲೇ ಇದೆ, ಸಾಹೇಬರ ಸಹಿಯೂ ಇದೆ. ಅಂದಹಾಗೆ, ಮೇಡಂ ಹೋದ ಮೇಲೆ ಕಂಪ್ಯೂಟರು ಕೆಟ್ಟು ಕೂತಿದೆ. ಎರಡು ಕೋಷ್ಟಕವೂ ಅಳಿಸಿಹೋಗಿವೆ. ಯಾರನ್ನ ಕೇಳಬೇಕೋ ಗೊತ್ತಾಗ್ತಿಲ್ಲ.”

ಅವನು ಫೋನು ಇಟ್ಟ. ಲಾಕಪ್ಪಿನ ಬಾಗಿಲು ತೆರೆದೇ ಇತ್ತು, ತಂದೆ ಮಗ ಇಬ್ಬರೂ ಅದರ ಎರಡು ಬದಿಗೆ ನಿಂತಿದ್ದರು. ಮೇಜಿನ ಮೇಲೆ ಕೋರ್ಟಿಗೆ ಒಯ್ಯುವ ಕಾಗದದಲ್ಲಿ ಆರೋಪಿಯ ಹೆಸರು ಬರೆಯುವ ಜಾಗ ಇನ್ನೂ ಖಾಲಿ ಇತ್ತು.

“ಯಾರ್ ಹೆಸ್ರು ಬರ್ಕತೀರಿ ಸಾಮಿ?” ಎಂದು ಬೋರಯ್ಯ ಕೇಳಿದ.

ಶಿವಲಿಂಗಯ್ಯ ಜೇಬಿನಿಂದ ಅರವತ್ತನಾಲ್ಕು ಅಂಕಿಯ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಆ ಎರಡು ಕೋಲನ್ನು ಬಿಟ್ಟರೆ, ಆ ಲೆಕ್ಕ ಈಗ ಅದೊಂದು ಹಾಳೆಯಲ್ಲಿ ಮಾತ್ರ ಉಳಿದಿತ್ತು.